ಗಾಳ ಹಾಕುವ ದಂಡೆಯ ಕಿರಿಕಿರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಂಗಾವತಿ ಕಡೆಯವನು. ಭಾನುವಾರ ಬಂತೆಂದರೆ ಗಾಳ ತಗೊಂಡು ತುಂಗಭದ್ರೆಯ ದಂಡೆಗೆ ಹೋಗುವುದು ಬಹಳ ವರ್ಷದ ರೂಢಿ. ಆನೆಗೊಂದಿ, ಸಾಣಾಪುರ, ಹುಲಿಗಿ, ಮುನಿರಾಬಾದ್, ಹೊಳೆ ದಾಟಿದರೆ ಕಂಪ್ಲಿ, ಪುರುಸೊತ್ತು ಇದ್ದಾಗ ಸಿರುಗುಪ್ಪದವರೆಗೂ ಹೋಗುತ್ತೇನೆ. ಮೊದಲು ಒಂದು ದಂಡೆಗೆ ನಾಲ್ಕು ಜನ ಬಂದರೆ ಜಾಸ್ತಿ. ಈಗ ರಜೆ ದಿನ ಬೈಕ್ ನಿಲ್ಲಿಸಲು ಜಾಗ ಇರುವುದಿಲ್ಲ. ಜನ ಬಂದಷ್ಟೂ ಜಗಳ ಬಂದಿದೆ.

ಬರುವವರೆಲ್ಲ ಕೆಟ್ಟವರು ಅಂತ ನನಗೆ ಅನಿಸುವುದಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ನನಗೆ ಹೇಳಿಕೊಟ್ಟವರು ಬಲೆ ಬೀಸಿ ಬದುಕುವ ಒಬ್ಬ ಕಾಕಾ. ಅವರು ಮೊದಲ ದಿನ ಹೇಳಿದ್ದು ಒಂದೇ ಮಾತು. ಹೊಳೆಯಿಂದ ಹೊಟ್ಟೆ ಹೊರೆಯುವವರು ಮೊದಲು, ಹೊಳೆಯ ಕೆಲಸಕ್ಕೆ ಬರುವ ಊರವರು ಆಮೇಲೆ, ಖುಷಿಗೆ ಗಾಳ ಹಾಕುವ ನಾವು ಕೊನೆಗೆ. ಕೆಳಗಿನ ಉತ್ತರಗಳನ್ನೆಲ್ಲ ಈ ಲೆಕ್ಕ ಇಟ್ಟುಕೊಂಡೇ ಬರೆದಿದ್ದೇನೆ.

ಒಬ್ಬರು ಆಗಲೇ ಕೂತಿದ್ದರೆ ನಾನು ಎಷ್ಟು ದೂರ ಕೂರಬೇಕು?

ಬಿದಿರಿನ ಕಡ್ಡಿ ಗಾಳವಾದರೆ ಹತ್ತು ಹದಿನೈದು ಹೆಜ್ಜೆ ಸಾಕು. ರೀಲ್ ಇರುವ ರಾಡ್ ಆದರೆ ಕನಿಷ್ಠ ಮೂವತ್ತು ಹೆಜ್ಜೆ ಬಿಡಿ. ರೀಲಿನವರು ದೂರ ಎಸೆಯುತ್ತಾರೆ. ಗಾಳಿ ಬಂದರೆ ದಾರ ಓರೆಯಾಗುತ್ತದೆ. ದೊಡ್ಡ ಮೀನು ಬಿದ್ದರೆ ಅದು ನಿಮ್ಮ ಕಡೆಗೇ ಓಡಬಹುದು.

ಹರಿಯುವ ನೀರಿನಲ್ಲಿ ಇನ್ನೊಂದು ಲೆಕ್ಕ ಇದೆ. ತಡವಾಗಿ ಬಂದವರು ಹರಿವಿನ ಕೆಳಗಡೆ ಕೂರಬೇಕು. ಮೇಲೆ ಕೂತರೆ ನಿಮ್ಮ ಬೆಂಡು ತೇಲಿಕೊಂಡು ಹೋಗಿ ಮೊದಲು ಬಂದವರ ಮುಂದೆ ನಿಲ್ಲುತ್ತದೆ. ಕೆಳಗೆ ಕೂತರೆ ಅವರ ಬೆಂಡು ನಿಮ್ಮ ಕಡೆ ಬರಬಹುದು. ಆ ತೊಂದರೆಯನ್ನು ತಡವಾಗಿ ಬಂದ ನೀವೇ ಸಹಿಸಿಕೊಳ್ಳಬೇಕಾಗುತ್ತದೆ.

ಕೂರುವ ಮುಂಚೆ ಒಂದು ಮಾತು ಕೇಳಿ. "ಅಣ್ಣಾ, ಇಲ್ಲಿ ಕೂಡ್ಲೇನ್ರಿ? ನಿಮಗ ತೊಂದ್ರಿ ಇಲ್ಲಲ್ರಿ?" ಇಷ್ಟು ಕೇಳಿದರೆ ಬೇಡ ಎಂದವರನ್ನು ನಾನು ಇನ್ನೂ ನೋಡಿಲ್ಲ. ಕೇಳದೆ ಬಂದು ಪಕ್ಕದಲ್ಲಿ ಚೀಲ ಬಿಸಾಕಿದಾಗಲೇ ಮುಖ ಕೆಂಪಗಾಗುವುದು.

ನಾನು ಪ್ರತಿ ವಾರ ಕೂರುವ ಬಂಡೆಯ ಮೇಲೆ ಇವತ್ತು ಯಾರೋ ಕೂತಿದ್ದಾರೆ. ಎಬ್ಬಿಸಬಹುದಾ?

ಎಬ್ಬಿಸಬಾರದು. ಬಂಡೆ ಯಾರ ಹೆಸರಿನಲ್ಲೂ ಇಲ್ಲ. ನೀವು ಅಲ್ಲಿ ಮೂರು ದಿನದಿಂದ ಹಿಂಡಿ, ತೌಡು ಹಾಕಿ ಮೀನು ಕೂಡಿಸಿದ್ದರೂ ಅಷ್ಟೇ. ಬೇಕಾದರೆ ವಿಷಯ ಹೇಳಿ: "ನಾನು ನಿನ್ನೆಯಿಂದ ಇಲ್ಲಿ ಹಿಂಡಿ ಹಾಕೀನ್ರಿ, ಸ್ವಲ್ಪ ಪಕ್ಕಕ್ಕ ಕೂಡ್ಲಿ?" ಅಂತ. ಒಳ್ಳೆಯ ಮನುಷ್ಯ ಆದರೆ ಜಾಗ ಮಾಡಿಕೊಡುತ್ತಾನೆ. ಇಲ್ಲದಿದ್ದರೆ ಬೇರೆ ಕಡೆ ನಡೆಯಿರಿ, ಹೊಳೆ ಉದ್ದ ಇದೆ.

ಟವೆಲ್ ಹಾಸಿ, ನಾಲ್ಕು ರಾಡ್ ನೆಟ್ಟು ಸ್ನೇಹಿತರಿಗೆ ಜಾಗ ಹಿಡಿಯುವುದು?

ಇದು ಬಸ್ ಸೀಟಿಗೆ ಕರ್ಚೀಫು ಹಾಕಿದಂತೆ. ಸ್ನೇಹಿತರು ಒಂಬತ್ತು ಗಂಟೆಗೆ ಎದ್ದು ಬರುತ್ತಾರೆ. ಅಷ್ಟರಲ್ಲಿ ಐದು ಗಂಟೆಗೇ ಸೈಕಲ್ ತುಳಿದುಕೊಂಡು ಬಂದವರು ಜಾಗ ಇಲ್ಲದೆ ವಾಪಸ್ ಹೋಗಿರುತ್ತಾರೆ. ದಯವಿಟ್ಟು ಮಾಡಬೇಡಿ.

ಇಬ್ಬರ ದಾರ ಸುತ್ತಿಕೊಂಡಿತು. ಯಾರದು ಕತ್ತರಿಸಬೇಕು?

ಮೊದಲು ಇಬ್ಬರೂ ರೀಲ್ ತಿರುಗಿಸುವುದನ್ನು ನಿಲ್ಲಿಸಿ. ಎಳೆದಷ್ಟೂ ಗಂಟು ಬಿಗಿಯಾಗುತ್ತದೆ. ಒಬ್ಬರು ದಾರ ಸಡಿಲ ಬಿಡಿ, ಇನ್ನೊಬ್ಬರು ನಿಧಾನಕ್ಕೆ ಎರಡನ್ನೂ ದಂಡೆಗೆ ತರಲಿ. ಬಿಡಿಸಲು ಆಗದಿದ್ದರೆ ತಡವಾಗಿ ಎಸೆದವರ ದಾರ ಕತ್ತರಿಸಿ. ಆದರೆ ಒಬ್ಬರಿಗೆ ಮೀನು ಬಿದ್ದಿದ್ದರೆ ಅವರ ದಾರಕ್ಕೆ ಕೈ ಹಚ್ಚಬೇಡಿ, ಯಾರು ಮೊದಲು ಎಸೆದಿದ್ದರೂ ಸರಿ. ಕತ್ತರಿಸಿದ ದಾರದಲ್ಲಿದ್ದ ಬೆಂಡು, ಕೊಕ್ಕೆ, ಸೀಸದ ಗುಂಡನ್ನು ಅವರಿಗೆ ವಾಪಸ್ ಕೊಡಿ. ಇಪ್ಪತ್ತು ರೂಪಾಯಿ ಬೆಂಡಾದರೂ ಕೈಗೆ ಕೊಟ್ಟಾಗ ಸಿಟ್ಟು ಇಳಿಯುತ್ತದೆ.

ಹೋಗುವವರು ಬರುವವರೆಲ್ಲ "ಬಿತ್ತೇನ್ರಿ?" ಅಂತ ಕೇಳುತ್ತಾರೆ. ಏನು ಹೇಳುವುದು?

"ಇನ್ನೂ ಇಲ್ರಿ" ಅನ್ನಿ, ಸಾಕು. ನಮ್ಮ ಕಡೆ ಇದು "ಊಟ ಆತೇನ್ರಿ?" ಅಂತ ಕೇಳಿದ ಹಾಗೆ. ಪ್ರೀತಿಯಿಂದ ಕೇಳುತ್ತಾರೆ.

ಕೇಳುವುದರ ಜೊತೆಗೆ ಚೀಲಕ್ಕೆ ಕೈ ಹಾಕುವವರು ಇದ್ದಾರೆ. ನೀರಿನಲ್ಲಿ ಕಟ್ಟಿಬಿಟ್ಟ ಮೀನಿನ ಜಾಳಿಗೆ ಎತ್ತಿ ನೋಡುವವರೂ ಇದ್ದಾರೆ. ಜಾಳಿಗೆ ಎತ್ತಿದರೆ ಮೀನು ಒದ್ದಾಡುತ್ತದೆ, ಆ ಸದ್ದಿಗೆ ಸುತ್ತಲಿನ ಮೀನೂ ಹೋಗುತ್ತದೆ. "ಯಜಮಾನ್ರ, ಅದನ್ನ ಎತ್ತಬ್ಯಾಡ್ರಿ, ಹೋಗೂ ಮುಂದ ನಾನ ತೋರಸ್ತೀನಿ" ಅನ್ನಿ. ಹೇಳಿದ ಮೇಲೆ ನಿಜವಾಗಲೂ ತೋರಿಸಿ. ನೋಡುವ ಆಸೆ ಎಲ್ಲರಿಗೂ ಇರುತ್ತದೆ, ಮಕ್ಕಳಿಗಂತೂ ಇನ್ನೂ ಜಾಸ್ತಿ.

ಸ್ಪೀಕರ್ ಹಾಕಿದರೆ ನಿಜಕ್ಕೂ ಮೀನು ಓಡಿಹೋಗುತ್ತಾ? ಸುಮ್ನೆ ಹೇಳುವುದಾ?

ನಿಜ. ಆದರೆ ಸ್ವಲ್ಪ ಬಿಡಿಸಿ ಹೇಳಬೇಕು. ಗಾಳಿಯಲ್ಲಿ ಬರುವ ಸದ್ದು ನೀರಿನ ಮೇಲ್ಮೈಗೆ ಬಡಿದು ಬಹುಪಾಲು ವಾಪಸ್ ಹೋಗುತ್ತದೆ. ಹಾಗಾಗಿ ಮೆಲ್ಲಗೆ ಮಾತಾಡಿದರೆ ಮೀನಿಗೆ ಏನೂ ಆಗುವುದಿಲ್ಲ. ಬಂಡೆ, ನೆಲದ ಮೂಲಕ ಇಳಿಯುವ ಅದುರು ಮಾತ್ರ ನೇರ ನೀರಿಗೆ ಹೋಗುತ್ತದೆ. ಬಂಡೆಯ ಮೇಲೆ ಇಟ್ಟ ಸ್ಪೀಕರಿನ ದಬದಬ, ಬೂಟು ಹಾಕಿ ಓಡಾಡುವುದು, ಬೈಕನ್ನು ನೀರಿನ ತುದಿವರೆಗೂ ತಂದು ಎಕ್ಸಲೇಟರ್ ಕೊಡುವುದು, ಇವೇ ಕೆಡಿಸುವುದು.

ರೋಹು, ಕಾಟ್ಲಾ, ಮೃಗಾಲ್ ಜಾತಿಯ ಮೀನಿಗೆ ಕಿವಿ ಬಹಳ ಚುರುಕು. ಅವುಗಳ ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಗಿವಿಯವರೆಗೆ ಸಣ್ಣ ಎಲುಬುಗಳ ಸಾಲು ಇರುತ್ತದೆ. ಗಾಳಿಚೀಲಕ್ಕೆ ಬಡಿದ ಅದುರನ್ನು ಆ ಎಲುಬುಗಳು ಕಿವಿಗೆ ಮುಟ್ಟಿಸುತ್ತವೆ. ಮೈಯ ಎರಡೂ ಪಕ್ಕದಲ್ಲಿ ಕಾಣುವ ಉದ್ದ ಗೆರೆಯೂ ನೀರಿನ ಅಲುಗಾಟವನ್ನು ಹಿಡಿಯುತ್ತದೆ. ನೀವು ದಂಡೆಯಲ್ಲಿ ಕಾಲು ಅಪ್ಪಳಿಸಿದ್ದು ಅದಕ್ಕೆ ನಿಮ್ಮ ಪಕ್ಕದವರಿಗಿಂತ ಮೊದಲು ಗೊತ್ತಾಗುತ್ತದೆ.

ಮೀನಿನ ಮಾತು ಬಿಡಿ. ವಾರವೆಲ್ಲ ರೈಸ್ ಮಿಲ್ಲಿನ ಸದ್ದಿನಲ್ಲಿ ಕೆಲಸ ಮಾಡಿ ಒಂದು ದಿನ ಸಮಾಧಾನಕ್ಕೆ ಅಂತ ಬಂದವರು ಪಕ್ಕದಲ್ಲಿ ಕೂತಿರುತ್ತಾರೆ. ಹಾಡು ಬೇಕೆನಿಸಿದರೆ ಇಯರ್‌ಫೋನ್ ಹಾಕಿಕೊಳ್ಳಿ.

ಹುಡುಗರು ಬೆಂಡಿನ ಹತ್ತಿರವೇ ಕಲ್ಲು ಎಸೆಯುತ್ತಾರೆ, ಈಜಲು ಬೀಳುತ್ತಾರೆ. ಬೈದರೆ ಇನ್ನೂ ಜಾಸ್ತಿ ಮಾಡುತ್ತಾರೆ.

ಬೈಯಬೇಡಿ. ಈಜುವ ಹುಡುಗರು ಆ ಊರಿನವರು, ಆ ನೀರಿನಲ್ಲೇ ಬೆಳೆದವರು. ಅವರು ಈಜುವ ಜಾಗ ಅಂತ ಗೊತ್ತಿದ್ದರೆ ನೀವೇ ಬೇರೆ ಕಡೆ ಹೋಗಬೇಕು. ನೀರಿನಲ್ಲಿ ಮಕ್ಕಳಿದ್ದಾಗ ಕೊಕ್ಕೆ ಎಸೆಯಲೇಬಾರದು. ಕಣ್ಣಿಗೆ, ತುಟಿಗೆ ಸಿಕ್ಕಿಕೊಂಡರೆ ಏನು ಮಾಡುತ್ತೀರಿ?

ಕಲ್ಲು ಎಸೆಯುವವರಿಗೆ ನನ್ನ ಉಪಾಯ ಬೇರೆ. ಅವರಲ್ಲಿ ಜಾಸ್ತಿ ಗಲಾಟೆ ಮಾಡುವವನನ್ನೇ ಕರೆಯುತ್ತೇನೆ. "ತಮ್ಮಾ ಬಾರಪಾ ಇಲ್ಲಿ, ಈ ಬೆಂಡು ನೋಡ್ಕೋತ ಕೂಡು, ಮುಳುಗಿದ್ರ ಹೇಳು" ಅನ್ನುತ್ತೇನೆ. ಸಾಣಾಪುರದ ಹತ್ತಿರ ಹೀಗೆ ಕರೆದ ಒಬ್ಬ ಹುಡುಗ ಒಂದು ತಾಸು ಕಣ್ಣು ಮಿಟುಕಿಸದೆ ಕೂತ. ಬೆಂಡು ಎರಡು ಸಲ ನಡುಗಿತು, ಆಮೇಲೆ ಅಡ್ಡ ಹೋಯಿತು. ಅವನೇ ಕಡ್ಡಿ ಎತ್ತಿದ. ಅಂಗೈ ಅಗಲದ ಜಿಲೇಬಿ ಮೀನು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಊರ ಕಡೆ ಓಡಿದ, ಚಪ್ಪಲಿ ಬಿಟ್ಟು. ಆಮೇಲೆ ಆ ದಂಡೆಯಲ್ಲಿ ಕಲ್ಲು ಎಸೆಯುವವರನ್ನು ಅವನೇ ತಡೆಯುತ್ತಿದ್ದ.

ಬಟ್ಟೆ ಒಗೆಯುವ ಘಾಟಿನಲ್ಲಿ ಮೀನು ಚೆನ್ನಾಗಿ ಸಿಗುತ್ತವೆ. ಅಲ್ಲಿ ಗಾಳ ಹಾಕಿದರೆ ತಪ್ಪೇನು?

ತಪ್ಪು. ಪಾತ್ರೆಯಿಂದ ಬೀಳುವ ಅನ್ನದ ಅಗುಳಿಗೆ ಅಲ್ಲಿ ಮೀನು ಕೂಡುವುದು ನಿಜ. ಆದರೆ ಅಲ್ಲಿ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಾರೆ, ಸ್ನಾನ ಮಾಡುತ್ತಾರೆ. ಅಪರಿಚಿತ ಗಂಡಸರು ಎರಡು ಮೂರು ತಾಸು ಅವರ ಎದುರಿಗೆ ಕೂತರೆ ಅವರಿಗೆ ಹೇಗನಿಸಬೇಡ? ಎಷ್ಟೋ ಸಲ ಅವರು ಬಾಯಿಬಿಟ್ಟು ಹೇಳುವುದಿಲ್ಲ. ಬುಟ್ಟಿ ಹೊತ್ತುಕೊಂಡು ಸುಮ್ಮನೆ ವಾಪಸ್ ಹೋಗುತ್ತಾರೆ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಮತ್ತೆ ಬರುತ್ತಾರೆ. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ. ಘಾಟು ಕಂಡರೆ ದೂರ ಹೋಗಿ, ಮೊಬೈಲ್ ಕ್ಯಾಮೆರಾವನ್ನು ಆ ಕಡೆ ತಿರುಗಿಸಲೂ ಬೇಡಿ.

ಗುಡಿಯ ಪುಷ್ಕರಣಿ, ಭಕ್ತರು ಮಂಡಕ್ಕಿ ಹಾಕುವ ಮಡುವು ಕೂಡ ಹೀಗೆಯೇ. ಅಲ್ಲಿ ಗಾಳ ಹಾಕಬೇಡಿ.

ಎಮ್ಮೆಗಳು ನೀರಿಗೆ ಇಳಿದು ಎಲ್ಲ ಕದಡಿಬಿಟ್ಟವು.

ಎಮ್ಮೆಗೆ ನೀರು ಬೇಕು. ಅರ್ಧ ತಾಸು ಚಹಾ ಕುಡಿಯಿರಿ. ಕದಡಿದ ನೀರಿನಲ್ಲಿ ಮೇವು ಹುಡುಕಿಕೊಂಡು ಮೃಗಾಲ್ ಬರುವುದೂ ಉಂಟು.

ಬಲೆಯವರು ಬಂದು ನಾವು ಕೂತ ಕಡೆಯೇ ಬಲೆ ಬಿಡುತ್ತಾರೆ. ಇದು ಅನ್ಯಾಯ ಅಲ್ವಾ?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಬಲೆಯವರಿಗೆ ಇದು ಸಂಸಾರ. ಸಂಜೆ ಹರಿಗೋಲಿನಲ್ಲಿ ಹೋಗಿ ಕಟ್ಟು ಬಲೆ ಬಿಡುತ್ತಾರೆ, ನಸುಕಿನಲ್ಲಿ ಎತ್ತುತ್ತಾರೆ, ಬೆಳಿಗ್ಗೆ ಸಂತೆಗೆ ಒಯ್ಯುತ್ತಾರೆ. ಯಾವ ಮಡುವಿನಲ್ಲಿ ಬಿಡಬೇಕು ಅನ್ನುವುದು ಅವರ ಅಪ್ಪ, ಅಜ್ಜನಿಂದ ಬಂದ ಲೆಕ್ಕ. ನೀವು ಬಂದು ಕೂತ ಜಾಗ ಅವರ ಬಲೆಯ ಸಾಲಿನಲ್ಲೇ ಇರಬಹುದು. ಕೆರೆಗಳಲ್ಲಂತೂ ಅವರದು ಕಾನೂನಿನ ಹಕ್ಕು. ಎಷ್ಟೋ ಕೆರೆಗಳನ್ನು ಮೀನುಗಾರರ ಸಹಕಾರ ಸಂಘಗಳು ಗುತ್ತಿಗೆ ಹಿಡಿದಿರುತ್ತವೆ. ಮೀನು ಮರಿ ತಂದು ಬಿಟ್ಟವರೂ ಅವರೇ, ಕಾಯುವವರೂ ಅವರೇ. ಅಲ್ಲಿ ಕೇಳದೆ ಗಾಳ ಹಾಕಿದರೆ ಅವರು ಸಾಕಿದ ಮೀನನ್ನು ಕದ್ದ ಹಾಗೆ.

ನೀರಿನಲ್ಲಿ ಬಲೆ ಇದೆಯೇ ಎಂದು ಗುರುತಿಸುವುದು ಕಷ್ಟ ಅಲ್ಲ. ಥರ್ಮಾಕೋಲ್ ತುಂಡು, ಖಾಲಿ ಬಾಟಲಿ, ಹಳೆ ಹವಾಯಿ ಚಪ್ಪಲಿಯ ಚೂರು ಸಾಲಾಗಿ ತೇಲುತ್ತಿದ್ದರೆ ಅದು ಬಲೆ. ಆ ಸಾಲಿನಾಚೆಗೆ ಎಸೆಯಬೇಡಿ. ಕೊಕ್ಕೆ ಬಲೆಗೆ ಸಿಕ್ಕಿತೋ, ನಿಮ್ಮ ದಾರ ಕತ್ತರಿಸಿ. ಬಲೆ ಮಾತ್ರ ಕತ್ತರಿಸಬೇಡಿ.

ಒಂದು ಸಲ ಕಂಪ್ಲಿ ಸೇತುವೆಯ ಕೆಳಗಡೆ ಇಬ್ಬರು ಹುಡುಗರು ಬೇಕಂತಲೇ ಅಲ್ಲ, ಗಾಬರಿಯಲ್ಲಿ ಬಲೆಗೆ ಚಾಕು ಹಾಕಿಬಿಟ್ಟರು. ಮುನ್ನೂರು ರೂಪಾಯಿಯ ಕೊಕ್ಕೆ ಉಳಿಸಿಕೊಳ್ಳಲು. ಹೊತ್ತೇರಿದ ಮೇಲೆ ಬಲೆಯ ಯಜಮಾನ ಬಂದರು. ಜಗಳ ಮಾಡಲಿಲ್ಲ. ಜಾಲಿ ಗಿಡದ ನೆರಳಿನಲ್ಲಿ ಕೂತು, ಹರಿದ ಜಾಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಮಾಡಿಕೊಂಡರು. ಸೂಜಿ ಒಳಗೆ, ಹೊರಗೆ, ಒಂದು ಗಂಟು. ಮತ್ತೆ ಒಳಗೆ, ಹೊರಗೆ, ಒಂದು ಗಂಟು. ಎರಡು ಅಂಗೈ ಅಗಲದ ತೂತು. ಅದು ಮುಚ್ಚುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ನಾನು ಸಮಾಧಾನ ಹೇಳಲು ಹೋದೆ. ಅವರು ತಲೆ ಎತ್ತದೆ ಹೇಳಿದರು: "ಬಲಿ ಹರದ್ರ ಹೊಲೀಬೌದ್ರಿ. ಇವತ್ತಿನ ಸಂತಿ ಹೋತಲ್ರಿ."

ಆ ಹುಡುಗರು ಆಮೇಲೆ ದುಡ್ಡು ಕೊಟ್ಟರು, ಕ್ಷಮೆಯನ್ನೂ ಕೇಳಿದರು. ಆದರೆ ಆ ದಿನದ ಮೀನು ಹೋಗಿತ್ತು.

ಆದರೆ ಬಲೆಯವರೂ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಹಾಕುತ್ತಾರಲ್ಲ?

ಕೆಲವರು ಹಾಕುತ್ತಾರೆ, ಅದು ತಪ್ಪೇ. ಬೆರಳುದ್ದದ ಮರಿಯೂ ಬಿಡದೆ ಬಾಚಿಬಿಟ್ಟರೆ ಮುಂದಿನ ವರ್ಷ ಅವರಿಗೇ ಮೀನು ಇರುವುದಿಲ್ಲ. ಸಂಘದ ಹಿರಿಯರಿಗೆ ತಿಳಿಸಿ. ನಾನು ನೋಡಿದ ಹಾಗೆ ಇದರ ಮೇಲೆ ಅವರಿಗೇ ಜಾಸ್ತಿ ಸಿಟ್ಟು ಇರುತ್ತದೆ. ದಂಡೆಯಲ್ಲಿ ನಿಂತು ಕೂಗಾಡುವುದರಿಂದ ಏನೂ ಆಗುವುದಿಲ್ಲ.

ದಾರ ತುಂಡಾದರೆ ಅಲ್ಲೇ ಬಿಡುತ್ತೇವೆ. ಇಷ್ಟು ಸಣ್ಣ ತಂಗೂಸಿಯಿಂದ, ಅಂದರೆ ನೈಲಾನ್ ದಾರದಿಂದ, ಏನಾಗುತ್ತದೆ?

ಎರಡು ವರ್ಷದ ಹಿಂದೆ ಮುನಿರಾಬಾದ್ ಕಡೆ ಹಿನ್ನೀರು ಇಳಿದಾಗ ಒಂದು ಕುರಿ ಹಿಂಡು ಬಂದಿತ್ತು. ಒಂದು ಕುರಿ ಕುಂಟುತ್ತಿತ್ತು. ಕುರಿಗಾಹಿ ಅದನ್ನು ಕೆಡವಿ ಕಾಲು ಎತ್ತಿ ತೋರಿಸಿದ. ಗೊರಸಿನ ಮೇಲೆ ತಂಗೂಸಿ ನಾಲ್ಕು ಸುತ್ತು ಸುತ್ತಿಕೊಂಡಿತ್ತು. ಹೊರಗಿನಿಂದ ದಾರ ಕಾಣುತ್ತಲೇ ಇರಲಿಲ್ಲ. ಚರ್ಮ ಕೊಯ್ದು ಒಳಗೆ ಹೋಗಿ, ಮೇಲೆ ಮಾಂಸ ಬೆಳೆದು, ಹುಳು ಆಗಿತ್ತು. ನನ್ನ ಹತ್ತಿರ ಇದ್ದ ಸಣ್ಣ ಕತ್ತರಿಯಿಂದ ಒಂದೊಂದೇ ಸುತ್ತು ಬಿಡಿಸಿದೆವು. ಕುರಿ ನಡುಗುತ್ತಿತ್ತು. ಆ ದಾರದ ತುದಿಯಲ್ಲಿ ಇನ್ನೂ ತುಕ್ಕು ಹಿಡಿದ ಕೊಕ್ಕೆ ಇತ್ತು.

ತಂಗೂಸಿ ಕೊಳೆಯುವುದಿಲ್ಲ. ನೀರು ಇಳಿದಾಗ ದಂಡೆಯಲ್ಲಿ, ಏರಿದಾಗ ನೀರಿನ ಒಳಗೆ, ಎಲ್ಲಿದ್ದರೂ ಉರುಳು. ಬೆಳ್ಳಕ್ಕಿ, ನೀರುಕಾಗೆ, ಆಮೆ ಇದಕ್ಕೆ ಸಿಕ್ಕಿ ಸಾಯುತ್ತವೆ. ಬರಿಗಾಲಲ್ಲಿ ಓಡಾಡುವ ಮಕ್ಕಳ ಕಾಲಿಗೆ ಕೊಕ್ಕೆ ನಾಟುತ್ತದೆ. ತುಂಡಾದ ದಾರವನ್ನು ಬೆರಳಿಗೆ ಸುತ್ತಿ, ಕತ್ತರಿಯಿಂದ ಸಣ್ಣ ಸಣ್ಣದಾಗಿ ತುಂಡು ಮಾಡಿ, ಗುಟ್ಕಾ ಡಬ್ಬಿಯಂಥದ್ದೊಂದರಲ್ಲಿ ಹಾಕಿ ಮನೆಗೆ ತನ್ನಿ. ನನ್ನ ಚೀಲದಲ್ಲಿ ಇದಕ್ಕೇ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಬೇರೆಯವರು ಬಿಟ್ಟಿದ್ದನ್ನೂ ಅದರಲ್ಲೇ ಹಾಕಿಕೊಳ್ಳುತ್ತೇನೆ.

ದಂಡೆಯಲ್ಲಿ ಎಣ್ಣೆ ಪಾರ್ಟಿ ಮಾಡುವವರಿಗೆ ಏನು ಮಾಡುವುದು?

ಕುಡಿದವರ ಹತ್ತಿರ ವಾದ ಬೇಡ, ಜಾಗ ಬದಲಿಸಿ. ಬಾಟಲಿ ಒಡೆದರೆ ಫೋಟೋ ತೆಗೆದು ಊರಿನ ಪಂಚಾಯ್ತಿಯವರಿಗೆ ತೋರಿಸಿ. ಗಲಾಟೆ ಹೊಡೆದಾಟಕ್ಕೆ ಹೋದರೆ, ಇಲ್ಲ ಕುಡಿದವರು ನೀರಿಗೆ ಇಳಿದರೆ 112ಕ್ಕೆ ಫೋನ್ ಮಾಡಿ. ಒಡೆದ ಗಾಜನ್ನು ಮರಳಿನಲ್ಲಿ ಹೂಳಬೇಡಿ. ಮುಂದಿನ ಮಳೆಗೆ ಅದು ಮೇಲೆ ಬರುತ್ತದೆ.

ಸಣ್ಣ ಮೀನು ಬಿದ್ದರೆ ದಂಡೆಗೆ ಬಿಸಾಕುವವರಿದ್ದಾರೆ.

ನೋಡಲು ಬಹಳ ಸಂಕಟ ಆಗುವ ಕೆಲಸ ಇದು. "ಇದು ಬ್ಯಾಡ" ಅಂತ ಬಿಸಿಲಿನ ಬಂಡೆಯ ಮೇಲೆ ಎಸೆಯುತ್ತಾರೆ. ಅದು ಬಾಯಿ ತೆರೆದು ತೆರೆದು ಸಾಯುತ್ತದೆ. ತಿನ್ನುವುದಿದ್ದರೆ ಕೂಡಲೇ ಕೊಂದು ಚೀಲಕ್ಕೆ ಹಾಕಿ. ಬೇಡದಿದ್ದರೆ ಕೂಡಲೇ ನೀರಿಗೆ ಬಿಡಿ.

ಬಿಡುವ ರೀತಿಯೂ ಇದೆ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಹುಣ್ಣಾಗುತ್ತದೆ. ಕಿವಿರಿಗೆ ಬೆರಳು ಹಾಕಬೇಡಿ. ಕೊಕ್ಕೆ ಹೊಟ್ಟೆಯವರೆಗೆ ನುಂಗಿದ್ದರೆ ಎಳೆಯದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ. ದೂರದಿಂದ ಎಸೆಯದೆ ನೀರಿನಲ್ಲಿ ಇಟ್ಟು ಕೈ ಸಡಿಲ ಬಿಡಿ, ತಾನೇ ಹೋಗುತ್ತದೆ.

ಮಳೆಗಾಲದಲ್ಲಿ ಹೊಟ್ಟೆ ಉಬ್ಬಿದ ಕಾಟ್ಲಾ, ರೋಹು ಸಿಕ್ಕರೆ ದೊಡ್ಡದಾದರೂ ಬಿಡಿ ಅಂತ ನನ್ನ ಬೇಡಿಕೆ. ಅವು ಹೊಸ ನೀರು ಬಂದಾಗ ಹರಿಯುವ ನೀರಿನಲ್ಲಿ ಮೊಟ್ಟೆ ಇಡುತ್ತವೆ. ಒಂದು ಕೆಜಿ ತೂಕದ ತಾಯಿಮೀನಿನಲ್ಲಿ ಲಕ್ಷಕ್ಕಿಂತ ಜಾಸ್ತಿ ಮೊಟ್ಟೆ ಇರಬಹುದು.

ಒಂದು ಎಚ್ಚರಿಕೆ. ಚೇಳು ಮೀನನ್ನು ದಂಡೆಗೆ ಎಸೆಯಲೇಬೇಡಿ. ಅದರ ಪಕ್ಕದ ಮುಳ್ಳಿನಲ್ಲಿ ವಿಷ ಇರುತ್ತದೆ, ಸತ್ತ ಮೇಲೂ ಚುಚ್ಚುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಅದ್ದಿ ಇಟ್ಟರೆ ನೋವು ಇಳಿಯುತ್ತದೆ, ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಸಿಡಿಮದ್ದು ಹಾಕಿ, ಕರೆಂಟ್ ಬಿಟ್ಟು, ಬ್ಲೀಚಿಂಗ್ ಪುಡಿ ಸುರಿದು ಮೀನು ಹಿಡಿಯುವವರನ್ನು ಕಂಡರೆ?

ಇದನ್ನು ಕಿರಿಕಿರಿ ಅಂತ ಕರೆಯಲು ನನಗೆ ಮನಸ್ಸಿಲ್ಲ. ಇದು ಅಪರಾಧ. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು ಬ್ರಿಟಿಷರ ಕಾಲದ 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿತ್ತು. ಒಳನಾಡು ಮೀನುಗಾರಿಕೆಗೆ ಕರ್ನಾಟಕದ್ದೇ 1996ರ ಕಾಯ್ದೆ ಇದೆ.

ಸಿಡಿಮದ್ದು ಸಿಡಿದರೆ ಮೀನಿನ ಗಾಳಿಚೀಲ ಒಡೆಯುತ್ತದೆ. ಮೇಲೆ ತೇಲಿದ್ದನ್ನು ಬಾಚಿಕೊಂಡು ಹೋಗುತ್ತಾರೆ. ಎಷ್ಟೋ ಮೀನು ತಳಕ್ಕೆ ಮುಳುಗಿ ಅಲ್ಲೇ ಕೊಳೆಯುತ್ತದೆ. ಮರಿ, ಮೊಟ್ಟೆ, ಸಿಗಡಿ, ಏಡಿ, ಯಾವುದೂ ಉಳಿಯುವುದಿಲ್ಲ. ಹಿಡಿಯುವವರ ಕೈಯೇ ಹೋಗಬಹುದು. ಬ್ಯಾಟರಿ, ಇನ್ವರ್ಟರ್ ಕಟ್ಟಿಕೊಂಡು ಹಳ್ಳದಲ್ಲಿ ಕರೆಂಟ್ ಬಿಡುವವರು ತಮ್ಮ ಜೀವದ ಜೊತೆ ನೀರಿಗೆ ಇಳಿದ ದನದ ಜೀವವನ್ನೂ ಒತ್ತೆ ಇಡುತ್ತಾರೆ. ವಿಷ ಹಾಕಿದ ಮಡುವಿನ ನೀರನ್ನು ಕುರಿ ಕುಡಿಯುತ್ತವೆ, ಕೆಲವು ಕಡೆ ಜನವೂ ಕುಡಿಯುತ್ತಾರೆ.

ನೀವೇ ಹೋಗಿ ತಡೆಯಬೇಡಿ. ಅವರ ಕೈಯಲ್ಲಿ ಮದ್ದು ಇರುತ್ತದೆ. ದೂರದಿಂದ ಜಾಗ, ಹೊತ್ತು, ಬೈಕ್ ನಂಬರ್ ಗಮನಿಸಿ 112ಕ್ಕೆ ತಿಳಿಸಿ. ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೂ ಹೇಳಿ. ಊರಿನ ಬಲೆಯವರಿಗೆ ಹೇಳುವುದು ಇನ್ನೂ ಒಳ್ಳೆಯದು, ಮೊದಲು ಓಡಿ ಬರುವವರು ಅವರೇ.

ನೀರುನಾಯಿಗಳು ಬಂದರೆ ಮೀನು ಓಡಿಹೋಗುತ್ತವೆ. ಕಲ್ಲು ಹೊಡೆದು ಓಡಿಸಬಹುದಾ?

ಖಂಡಿತ ಬೇಡ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಸರ್ಕಾರ ಘೋಷಿಸಿದೆ. ಅಲ್ಲಿ ಗಾಳ ಹಾಕಬೇಕೆಂದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ವನ್ಯಜೀವಿ ಕಾಯ್ದೆಯ ಪ್ರಕಾರ ನೀರುನಾಯಿಗೆ ತೊಂದರೆ ಕೊಡುವುದು ಅಪರಾಧ.

ಅವು ನಿಮ್ಮ ಕಡೆ ಬಂದರೆ ದಾರ ಸುತ್ತಿಕೊಂಡು ಸುಮ್ಮನೆ ಕೂತುಬಿಡಿ. ನಾನು ಒಂದು ಮುಂಜಾನೆ ಐದು ನೀರುನಾಯಿ ಒಟ್ಟಿಗೆ ನೋಡಿದ್ದೇನೆ. ಒಂದು ಬಂಡೆಯ ಮೇಲೆ ಹತ್ತಿ ಮೀನನ್ನು ಎರಡೂ ಕೈಯಲ್ಲಿ ಹಿಡಿದು, ಕರಕರ ಅಂತ ತಲೆಯಿಂದ ತಿನ್ನಲು ಶುರು ಮಾಡಿತು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ದಿನ ನನಗೆ ಒಂದೂ ಮೀನು ಸಿಗಲಿಲ್ಲ, ಆದರೂ ಖುಷಿಯಿಂದ ಮನೆಗೆ ಬಂದೆ.

ದೊಡ್ಡ ಮೀನು ಸಿಕ್ಕ ಜಾಗದ ವಿಡಿಯೋ ಹಾಕಿದರೆ ತಪ್ಪಾ?

ಮೀನಿನ ವಿಡಿಯೋ ಹಾಕಿ. ಜಾಗದ ಗುರುತು, ಲೊಕೇಶನ್ ಹಾಕಬೇಡಿ. ಒಂದು ಸಣ್ಣ ಹಳ್ಳದ ಮಡುವಿಗೆ ಮುಂದಿನ ವಾರ ಐವತ್ತು ಜನ ಬಂದರೆ ಆ ಊರಿನವರ ಹೊಲದ ಬದುವೂ ತುಳಿದು ಹೋಗುತ್ತದೆ. ಪಕ್ಕದಲ್ಲಿ ಕೂತವರ ಮುಖ ತೆಗೆಯುವ ಮುಂಚೆ ಅವರನ್ನು ಕೇಳಿ.

"ಇದು ನಮ್ಮ ಕೆರೆ, ದುಡ್ಡು ಕೊಡಿ" ಅಂತ ಬರುತ್ತಾರೆ. ಕೊಡಬೇಕಾ?

ಗುತ್ತಿಗೆ ಹಿಡಿದ ಸಂಘದವರಾದರೆ ಮಾತಾಡಿ ಕೊಡಿ, ಚೀಟಿ ಕೇಳಿ. ಗುತ್ತಿಗೆ ಯಾರದು ಅಂತ ಪಂಚಾಯ್ತಿಯಲ್ಲಿ ಇಲ್ಲವೇ ಮೀನುಗಾರಿಕೆ ಇಲಾಖೆಯಲ್ಲಿ ಗೊತ್ತಾಗುತ್ತದೆ. ಗಾಳಕ್ಕೆ ಪರವಾನಿಗೆ ಬೇಕೇ, ಎಲ್ಲಿ ಹಾಕಬಾರದು ಅನ್ನುವುದನ್ನೂ ಅಲ್ಲೇ ಒಂದು ಸಲ ಕೇಳಿಕೊಂಡು ಬನ್ನಿ. ಚೀಟಿ ಇಲ್ಲದೆ ಹೆದರಿಸಿ ದುಡ್ಡು ಕೇಳಿದರೆ ಗಾಳ ಸುತ್ತಿಕೊಂಡು ಹೊರಡಿ. ಅಣೆಕಟ್ಟಿನ ಹತ್ತಿರ, ಗೇಟುಗಳ ಕೆಳಗೆ ಹೋಗಬೇಡಿ ಎಂದು ಕಾವಲುಗಾರರು ಹೇಳಿದರೆ ವಾದ ಬೇಡ.

ಡ್ಯಾಮಿನಿಂದ ನೀರು ಬಿಡುತ್ತಾರೆ ಎಂದರೂ ಕೆಲವರು ಬಂಡೆಯಿಂದ ಏಳುವುದಿಲ್ಲ.

ಇವರಿಂದ ಎಲ್ಲರ ಜೀವಕ್ಕೂ ಅಪಾಯ. ಅವರನ್ನು ಉಳಿಸಲು ಹರಿಗೋಲಿನವರು ತಮ್ಮ ಜೀವ ಒತ್ತೆ ಇಟ್ಟು ನೀರಿಗೆ ಇಳಿಯಬೇಕಾಗುತ್ತದೆ.

ತುಂಗಭದ್ರಾ ಡ್ಯಾಮಿಗೆ 33 ಗೇಟುಗಳಿವೆ. ಹೊರಹರಿವು ಜಾಸ್ತಿ ಆದಾಗ ನವವೃಂದಾವನದ ನಡುಗಡ್ಡೆ ಮುಳುಗುತ್ತದೆ, ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ನೀರು ಹರಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಂಥದ್ದು ಹೇಳಿ ಕೇಳಿ ಬರುವುದಿಲ್ಲ. ಮಳೆಗಾಲದಲ್ಲಿ ಹೊಳೆಯ ನಡುವಿನ ಬಂಡೆಗೆ ಹೋಗಲೇಬೇಡಿ. ಕೂತಲ್ಲಿ ನೀರಿನ ತುದಿಗೆ ಒಂದು ಕಡ್ಡಿ ನೆಟ್ಟು ಇಡಿ. ನೀರು ಕಡ್ಡಿ ದಾಟಿದರೆ ಸಾಮಾನು ಬಿಟ್ಟಾದರೂ ಎದ್ದು ಬನ್ನಿ, ಪಕ್ಕದವರನ್ನೂ ಎಬ್ಬಿಸಿ.

ಕಾಲುವೆಯಲ್ಲಿ ಇನ್ನೂ ಹುಷಾರು. ಎಡದಂಡೆ ಕಾಲುವೆಯ ಸಿಮೆಂಟ್ ಇಳಿಜಾರಿನಲ್ಲಿ ಪಾಚಿ ಇರುತ್ತದೆ. ಜಾರಿದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಬೆಂಡು ಹೋದರೆ ಹೋಗಲಿ, ಅದಕ್ಕಾಗಿ ಇಳಿಯಬೇಡಿ.

ಮೀನು ಹಸನು ಮಾಡಿದ ಮೇಲೆ ಕರುಳು, ಹುರುಪೆ ಎಲ್ಲಿ ಹಾಕಬೇಕು?

ಮನೆಯಲ್ಲಿ ಹಸನು ಮಾಡುವುದು ಒಳ್ಳೆಯದು. ದಂಡೆಯಲ್ಲೇ ಮಾಡುವುದಿದ್ದರೆ ಜನ ಕೂರುವ, ನೀರು ತುಂಬುವ ಜಾಗದಿಂದ ದೂರ ಹೋಗಿ. ನೀರಿಗೆ ಹಾಕಬೇಡಿ. ರಾಯಚೂರು ಕಡೆಯ ಕೃಷ್ಣೆಯಲ್ಲಿ, ನಮ್ಮ ತುಂಗಭದ್ರೆಯಲ್ಲೂ ಮೊಸಳೆಗಳಿವೆ. ದಿನಾ ಒಂದೇ ಕಡೆ ಕರುಳು ಬಿದ್ದರೆ ಅವು ಆ ಜಾಗಕ್ಕೆ ರೂಢಿ ಆಗುತ್ತವೆ. ಮರುದಿನ ಅಲ್ಲಿಗೆ ಕೊಡ ಹಿಡಿದು ಬರುವುದು ಊರಿನ ಹೆಣ್ಣುಮಗಳು. ಮೊಣಕೈ ಆಳದ ಗುಂಡಿ ತೋಡಿ, ಮುಚ್ಚಿ, ಮೇಲೆ ಒಂದು ದೊಡ್ಡ ಕಲ್ಲು ಇಡಿ. ಕಲ್ಲು ಇಡದಿದ್ದರೆ ರಾತ್ರಿ ನಾಯಿಗಳು ಕೆದರುತ್ತವೆ.